ಬಯಲಿಗೊಂದು ನಡುವಿನ ಹೆಸರು

ನಮ್ಮ ಮನೆಯಲ್ಲಿ ಒಂದು ಪುಟ್ಟ ಉಣ್ಣೆಯ ಹೊದಿಕೆಯಿದೆ. ಮೈಯೆಲ್ಲ ತಿಳಿಹಸಿರು, ಅಂಚಿಗೆ ಬಿಳಿ ಕುಚ್ಚು, ಒಂದು ಮೂಲೆಯಲ್ಲಿ ನೀಲಿ ದಾರದ ಕಸೂತಿಯಲ್ಲಿ ‘ಬೇಯ್ಲಿ’ ಎಂದು ಇಂಗ್ಲಿಷ್ ಅಕ್ಷರಗಳು. ಬೇಯ್ಲಿ ಎನ್ನುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಮೊನ್ನೆ ಒಗೆದ ಬಟ್ಟೆ ಮಡಚುತ್ತ ಕೂತಾಗ ಅದು ಕೈಗೆ ಬಂತು; ಮಡಚುವುದು ಅಲ್ಲಿಗೇ ನಿಂತಿತು. ನನ್ನ ಸ್ವಭಾವವೇ ಹಾಗೆ. ಒಂದು ಕೆಲಸ ಮಾಡುತ್ತ ಇನ್ನೊಂದನ್ನು ನೆನೆಯುವುದು, ಅದನ್ನು ನೆನೆಯುತ್ತ ಎದ್ದು ಓಡಾಡುವುದು, ಓಡಾಡುತ್ತ ಮೊದಲಿನ ಕೆಲಸವನ್ನು ಮರೆಯುವುದು. ಮಗಳು ಅಶ್ವಿನಿ ಅನ್ನುತ್ತಾಳೆ, “ಅವ್ವಾ, ನೀ ಒಂದ ಕಡೆ ಕುಂತಿದ್ದನ್ನ ನಾ ಫೋಟೋದಾಗಷ್ಟ ನೋಡೇನಿ.”

ಹೊದಿಕೆ ಹೆಣೆದುಕೊಟ್ಟವಳು ಪಕ್ಕದ ಮನೆಯ ಶೆರಿಲ್. ನನ್ನದೇ ವಯಸ್ಸು, ಒಂಟಿ ಜೀವ. ಇಲ್ಲಿ ಹಿತ್ತಲು ಹಿತ್ತಲಲ್ಲೂ ಸುರಿಯುವ ಫೀಜೋವಾ ಹಣ್ಣಿನ ಕಾಲದಲ್ಲಿ, ಮಗಳು ನೆಲೆಸಿರುವ ಈ ಪರದೇಶದ ಊರು ಪಾಪಕುರಾದ ನಮ್ಮ ಬೀದಿಯಲ್ಲಿ ಯಾರೂ ಯಾರಿಗೂ ಹಣ್ಣು ಬೇಕೇ ಎಂದು ಕೇಳುವುದಿಲ್ಲ, ಸುಮ್ಮನೆ ಬಾಗಿಲಲ್ಲಿ ಚೀಲ ಇಟ್ಟು ಓಡಿಹೋಗುತ್ತಾರೆ. ಶೆರಿಲ್ ಮಾತ್ರ ಬೇಲಿಯ ಮೇಲಿಂದ ಕೂಗಿ ಕರೆದು ಕೊಡುತ್ತಾಳೆ. ಹಾಗೆ ಕೊಡುವಾಗಲೇ ಒಂದು ದಿನ ಕೂಸಿನ ಹೆಸರೇನೆಂದು ಕೇಳಿದಳು. “ಬಯಲು” ಎಂದೆ. ಅವಳ ಮುಖ ಅರಳಿತು. “ಬೇಯ್ಲಿ! ಎಷ್ಟು ಚಂದ! ನಮ್ಮ ನಾಯಿಯ ಹೆಸರೂ ಬೇಯ್ಲಿ. ಅಂಥ ಒಳ್ಳೆಯ ಜೀವ ಮತ್ತೆ ಸಿಗಲಿಲ್ಲ” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಸತ್ತ ನಾಯಿಗೆ ಅಳುತ್ತಿರುವವಳನ್ನು ತಡೆದು ಉಚ್ಚಾರ ತಿದ್ದುವುದಾದರೂ ಹೇಗೆ? ನಾನು ‘ಥ್ಯಾಂಕ್ಯೂ’ ಎಂದುಬಿಟ್ಟೆ. ಕೆಲವು ದಿನ ಕಳೆದು ಹೊದಿಕೆ ಬಂತು.

ಹೌದು, ನೀವು ಸರಿಯಾಗಿಯೇ ಓದಿದಿರಿ. ನನ್ನ ಮೊಮ್ಮಗನ ಹೆಸರು ಬಯಲು.

ನಾನು ಬಾಣಂತನಕ್ಕೆಂದು ಗದಗಿನಿಂದ ಬಂದವಳು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಕೂಸಿಗೆ ಎಣ್ಣೆ ಹಚ್ಚಿ ಎರೆದು, ಬಟ್ಟೆ ಸುತ್ತಿ ಮಲಗಿಸಿದ್ದೆ. ಅಶ್ವಿನಿ ಬಾಣಂತಿಯರಿಗೆ ಕೊಡುವ ಅಳವಿ ಬೀಜದ ಪಾಯಸ ಕುಡಿಯುತ್ತ, ಬಹಳ ಸಹಜವಾಗಿ, “ಅವ್ವಾ, ಹೆಸರು ಬಯಲು ಅಂತ ಇಡ್ತೇವಿ” ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಆಗ ನನ್ನ ನಗೆ ಮೆಲ್ಲಗೆ ಹಿಂದಕ್ಕೆ ಹೋಯಿತು.

ನಮ್ಮ ಕಡೆ ‘ಬಯಲಕಡಿಗೆ ಹೋಗೋದು’ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾನು ಚಿಕ್ಕವಳಿದ್ದಾಗ ನಸುಕಿನಲ್ಲಿ ಓಣಿಯ ಹೆಂಗಸರೆಲ್ಲ ತಂಬಿಗೆ ಹಿಡಿದು ಹೊರಡುತ್ತಿದ್ದದ್ದು ಆ ಕಡೆಗೇ. ಓಣಿಯ ಅರ್ಧ ಸುದ್ದಿ ಬಗೆಹರಿಯುತ್ತಿದ್ದದ್ದೂ ಅಲ್ಲಿಯೇ. ಇಷ್ಟು ವರ್ಷ ತಹಸೀಲ್ದಾರ ಕಚೇರಿಯಲ್ಲಿ ಗುಮಾಸ್ತೆಯಾಗಿ ಊರವರ ಹೆಸರುಗಳನ್ನೆಲ್ಲ ಟೈಪು ಹೊಡೆದ ನಾನು ತಿಪ್ಪಣ್ಣನನ್ನು ಕಂಡಿದ್ದೇನೆ, ಕಲ್ಲವ್ವನನ್ನು ಕಂಡಿದ್ದೇನೆ, ಹೆಣ್ಣು ಹುಟ್ಟಿದ್ದು ಸಾಕು ಎಂದು ಸಾಕವ್ವ ಎನಿಸಿಕೊಂಡವಳನ್ನೂ ಕಂಡಿದ್ದೇನೆ. ಬಯಲು ಮಾತ್ರ ಯಾರೂ ಇರಲಿಲ್ಲ. ಅದರ ಮೇಲೆ ಅಳಿಯ ಮಂಜುನಾಥನ ಮನೆತನದ ಹೆಸರು ಉಳ್ಳಾಗಡ್ಡಿ. ಎರಡನ್ನೂ ಕೂಡಿಸಿ ಓದಿ ನೋಡಿ. ಬಯಲು ಉಳ್ಳಾಗಡ್ಡಿ. ಮನುಷ್ಯನ ಹೆಸರಂತೆ ಕೇಳಿಸುವುದಿಲ್ಲ, ಸಂತೆಯಲ್ಲಿ ದರ ಕೂಗಿದಂತೆ ಕೇಳಿಸುತ್ತದೆ.

ಇವೆಲ್ಲ ನಗುತ್ತ ಹೇಳಿಕೊಳ್ಳಬಹುದಾದ ಕಾರಣಗಳು. ನಗಲಾಗದ ಕಾರಣ ಇನ್ನೊಂದಿತ್ತು. ನಮ್ಮವರು ತೀರಿಹೋದ ದಿನ, ಮಣ್ಣು ಕೊಡುವ ಹೊತ್ತಿಗೆ, ಅಯ್ಯನವರು ಗಟ್ಟಿಯಾಗಿ “ಶಿವಪುತ್ರಪ್ಪನವರು ಬಯಲಾದರು” ಎಂದಿದ್ದರು. ನಮ್ಮಲ್ಲಿ ಹಾಗೆ ಹೇಳುವುದು ವಾಡಿಕೆ. ಜೀವ ಶಿವನಲ್ಲಿ ಕೂಡಿತು ಎಂಬ ಅರ್ಥ. ಅರ್ಥ ನನಗೂ ಗೊತ್ತು. ಆದರೂ ಅಂದಿನಿಂದ ಆ ಮಾತು ಎಲ್ಲಿ ಕಿವಿಗೆ ಬಿದ್ದರೂ ನನ್ನ ಕಾಲಡಿಯ ನೆಲ ತುಸು ಸರಿದಂತಾಗುತ್ತಿತ್ತು. ಈಗ ಅದನ್ನೇ ದಿನವಿಡೀ ತೊಟ್ಟಿಲ ಮುಂದೆ ಕೂತು ಕೂಗಬೇಕು. ಬಾಣಂತಿಯ ಮುಂದೆ ಇಂಥ ಮಾತು ಆಡಬಾರದೆಂದು ನುಂಗಿಕೊಂಡೆ. ನುಂಗಿದ್ದು ಒಳಗೆ ನೆಟ್ಟಗೆ ಕೂತಿರುತ್ತದೆಯೇ? ಅಂದಿನಿಂದ ಶುರುವಾಯಿತು ನನ್ನ ಚಡಪಡಿಕೆ. ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಅಂಗಳಕ್ಕೆ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುವುದು, ಉಪ್ಪು ಹಾಕಿದ ಸಾರಿಗೆ ಇನ್ನೊಮ್ಮೆ ಉಪ್ಪು ಹಾಕುವುದು.

ಒಂದೇ ಆಸೆಯಿತ್ತು, ನಡುವಿನ ಹೆಸರು. ಮುಂದೆ ಬಯಲು, ಹಿಂದೆ ಉಳ್ಳಾಗಡ್ಡಿ ಇದ್ದರೂ ನಡುವೆ ಏನಾದರೂ ಭಾರವಾದದ್ದು ಕೂತರೆ ಹೆಸರಿಗೆ ಒಂದು ತೂಕ ಬಂದೀತು ಎಂದುಕೊಂಡೆ. ಅದಕ್ಕೆ ನಾವೇನು ತಲೆ ಕೆಡಿಸಿಕೊಳ್ಳಬೇಕಾಗಿಯೂ ಇಲ್ಲ. ನಮ್ಮ ಕಡೆ ನಡುವಿನ ಹೆಸರನ್ನು ಯಾರೂ ಆರಿಸುವುದಿಲ್ಲ, ಅದು ತಾನಾಗಿ ಬಂದು ಕೂರುತ್ತದೆ. ಅಪ್ಪನ ಹೆಸರು.

“ನಡುವ ಮಂಜುನಾಥ ಅಂತ ಬರ್ತದಲ್ಲ, ಅಷ್ಟ ಸಾಕ” ಎಂದೆ ಸಮಾಧಾನಕ್ಕೆ.

“ಇಲ್ಲವ್ವ. ಮಂಜು ತನ್ನ ಹೆಸರು ಬ್ಯಾಡ ಅಂತಾನ. ಬ್ಯಾರೆ ಯಾವದರೆ ಹುಡುಕಬೇಕು. ಇನ್ನ ಹೆಸರು ನೋಂದಾಯಿಸಿಲ್ಲ, ಅದೊಂದ ಬಾಕಿ ಐತಿ” ಎಂದಳು ಅಶ್ವಿನಿ.

ಅಪ್ಪನಾದವನು ತನ್ನ ಹೆಸರು ಬೇಡವೆನ್ನುವುದೇ? ಚಡಪಡಿಕೆಗೆ ಇನ್ನೊಂದು ಸೇರಿತು.

ನಡುವಿನ ಹೆಸರೆಂದರೆ ಹೆಂಗಸರಿಗೆ ಅದು ಬಾಡಿಗೆ ಮನೆಯಿದ್ದಂತೆ. ಮದುವೆಯವರೆಗೆ ನನ್ನ ನಡುವೆ ಅಪ್ಪನಿದ್ದ, ಆಮೇಲೆ ಇವರು ಬಂದರು. ಆದರೆ ನಾನು ಇವರ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಕರೆದವಳಲ್ಲ. ಮದುವೆಯಲ್ಲಿ ಒಡಪು ಹಚ್ಚಿ, ಪ್ರಾಸದೊಳಗೆ ಹೆಸರು ಸೇರಿಸಿ, ಹೇಳಿಸಿದ್ದರು. ಆಗಲೂ ಸೆರಗು ಬಾಯಿಗಿಟ್ಟುಕೊಂಡು ಯಾರಿಗೂ ಕೇಳದಂತೆ ಹೇಳಿದ್ದೆ. ಇಲ್ಲಿಗೆ ಬಂದ ಮೇಲೆ ಒಮ್ಮೆ ಕೆಮ್ಮಿಗೆ ಔಷಧ ತರಲು ಡಾಕ್ಟರ ಬಳಿ ಹೋಗಿದ್ದೆ. ಕಾಯುತ್ತ ಕೂತಿದ್ದಾಗ ಒಬ್ಬ ಹುಡುಗಿ ಬಾಗಿಲಿಗೆ ಬಂದು, ತಿಣುಕಿ ತಿಣುಕಿ, “ಶಿವ... ಪುತ್ರಪ್ಪಾ?” ಎಂದು ಕೂಗಿದಳು. ನಾನು ಗಕ್ಕನೆ ತಿರುಗಿ ಬಾಗಿಲ ಕಡೆ ನೋಡಿದೆ. ಇವರು ಬಂದರೇನೋ ಎಂಬಂತೆ! ಆಮೇಲೆ ತಿಳಿಯಿತು, ಅವಳು ಕರೆದದ್ದು ನನ್ನನ್ನೇ. ನನ್ನ ನಡುವಿನ ಹೆಸರನ್ನೇ ಮುಖ್ಯ ಹೆಸರೆಂದುಕೊಂಡಿದ್ದಳು. “ಯೆಸ್, ಶಿವಪುತ್ರಪ್ಪ” ಎನ್ನುತ್ತ ಎದ್ದೆ. ಇಡೀ ಸಂಸಾರದಲ್ಲಿ ಆಡದ ಹೆಸರನ್ನು, ಕೆಮ್ಮಿನ ಔಷಧಕ್ಕಾಗಿ, ಪಾಪಕುರಾದಲ್ಲಿ, ಗುರುತಿಲ್ಲದವರ ನಡುವೆ ಆಡಿದ್ದೆ. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಇನ್ನೂ ನಾಲ್ಕಾರು ಸಲ ಆಡಿದೆ. ಯಾರಿಗೆ ತಿಳಿಯಬೇಕು?

ಮಂಜುನಾಥ ಮಾತು ಕಡಿಮೆಯ ಮನುಷ್ಯ. ರಸ್ತೆ, ಸೇತುವೆಗಳ ಲೆಕ್ಕ ಹಾಕುವ ಇಂಜಿನಿಯರು. ಮನೆಯಲ್ಲಿ ಕೂತು ಕೇಳಿದರೆ ನಕ್ಕು ಎದ್ದುಹೋಗುತ್ತಾನೆ. ಕಾರಿನಲ್ಲಾದರೆ ಎದ್ದುಹೋಗಲು ಬರುವುದಿಲ್ಲ. ಒಂದು ಶನಿವಾರ ತರಕಾರಿ ತರಲು ನಾವಿಬ್ಬರೇ ಪುಕೆಕೊಹೆ ಕಡೆ ಹೋಗಿದ್ದೆವು. ಅಲ್ಲಿನ ಮಣ್ಣು ಕೆಂಪು. ಸಾಲು ಸಾಲಾಗಿ ಉಳ್ಳಾಗಡ್ಡಿಯ ಹೊಲ. “ನಿಮ್ಮ ಮನಿತನದವರು ನಿಮಗಿಂತ ಮದ್ಲ ಇಲ್ಲಿಗೆ ಬಂದಾರ ನೋಡ್ರಿ” ಎಂದು ಚೇಷ್ಟೆ ಮಾಡಿದೆ. ನಕ್ಕ. ಆ ನಗೆಯ ಬಿಸಿಯಲ್ಲೇ ಕೇಳಿದೆ, “ಮಗನ ನಡುವ ನಿಮ್ಮ ಹೆಸರ ಯಾಕ ಬ್ಯಾಡ ಅಂತೀರಿ?”

ಅವನು ಕಾರಿನ ವೇಗ ತಗ್ಗಿಸಿದ. ಆಮೇಲೆ ರಸ್ತೆಯನ್ನೇ ನೋಡುತ್ತ ಹೇಳಿದ, “ಅತ್ತಿ, ನಮ್ಮಪ್ಪ ನಾ ಸಣ್ಣಾಂವ ಇದ್ದಾಗ ಮನಿ ಬಿಟ್ಟು ಹೋದ್ರು. ಗೋವಾದಾಗ ಬ್ಯಾರೆ ಸಂಸಾರ ಮಾಡ್ಯಾರ ಅಂತ ಆಮ್ಯಾಲೆ ಗೊತ್ತಾತು. ಆದ್ರ ಸಾಲ್ಯಾಗ ಹಾಜರಿ ಹೇಳುವಾಗ ದಿನಾ ಅವರ ಹೆಸರ ಬರತಿತ್ರಿ. ಮಂಜುನಾಥ ಈರಪ್ಪ. ಮಂಜುನಾಥ ಈರಪ್ಪ. ನಮ್ಮಪ್ಪ ನನ್ನ ಹೆಸರಿನ್ಯಾಗಷ್ಟ ಇದ್ರು, ಮನಿಯಾಗ ಇರಲಿಲ್ಲ.”

ನಾನು ಕಿಟಕಿಯಾಚೆ ನೋಡಿದೆ.

“ನಾ ಮನಿಯಾಗ ಇರ್ತೇನ್ರಿ” ಎಂದ ಮಂಜುನಾಥ. “ಹೆಸರಿನ್ಯಾಗ ಇರಲಿಲ್ಲಂದ್ರ ನಡೀತೈತಿ.”

“ಹಂಗಾರ ಉಳ್ಳಾಗಡ್ಡಿ?”

“ಅದು ಬಿಡ್ರಿ, ಅದು ಇಡೀ ಮನಿತನದ್ದು. ನಡುವಿನ ಜಾಗಾ ಒಬ್ಬರದ.”

ಅಂದಿನಿಂದ ನಾನು ಅವನನ್ನು ಕೇಳುವುದು ಬಿಟ್ಟೆ, ಹುಡುಕುವುದು ಹೆಚ್ಚಿಸಿದೆ. ತೊಟ್ಟಿಲು ತೂಗುತ್ತ ಒಂದೊಂದೇ ಹೆಸರನ್ನು ಬಯಲಿಗೆ ಹಚ್ಚಿ ನೋಡುತ್ತಿದ್ದೆ. ಬಯಲು ಕುಮಾರ, ಪಡ್ಡೆ ಹುಡುಗನಂತಿದೆ. ಬಯಲು ರಾಜ; ಸೋತ ರಾಜನಿರಬೇಕು. ಬಯಲು ಪ್ರಸಾದ, ಶಿವಶಿವಾ, ಬಯಲಕಡೆಯ ಅರ್ಥ ನೆನಪಾಗಿ ಕಿವಿ ಮುಚ್ಚಿಕೊಂಡೆ. ದೇವರ ಹೆಸರುಗಳನ್ನೆಲ್ಲ ತಿರುವಿ ಹಾಕಿದೆ. ದೇವರು ಬಯಲಿನ ಪಕ್ಕದಲ್ಲಿ ನಿಂತರೆ ಗುಡಿ ಕಳೆದುಕೊಂಡವನಂತೆ ಕಾಣುತ್ತಿದ್ದ. ಕೂಸು ಒಂದೊಂದು ಹೆಸರಿಗೂ ಮುಖ ಸಿಂಡರಿಸುತ್ತಿತ್ತು. ಗಾಳಿ ಇಳಿಯದೆ ಹಾಗೆ ಮಾಡುತ್ತದೆ ಎಂದಳು ಅಶ್ವಿನಿ. ನನಗೆ ಹಾಗನಿಸಲಿಲ್ಲ.

ಹೆಸರಿಡುವುದರಲ್ಲಿ ನನಗೆ ಕೈಗುಣವೂ ಅಷ್ಟಕ್ಕಷ್ಟೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಅದರ ಅಪ್ಪನ ಅಕ್ಕ ಅಥವಾ ತಂಗಿ. ಅವಳು ಬಗ್ಗಿ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು, ಹೇಳುತ್ತಿದ್ದಂತೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅಣ್ಣನ ಮಗನಿಗೆ ನಾನು ಹೆಸರಿಟ್ಟಾಗ ಇನ್ನೂ ಲಂಗ ಉಡುವ ಹುಡುಗಿ. “ಮಲ್ಲಿಕಾ” ಎನ್ನುವಷ್ಟರಲ್ಲಿ ಗುದ್ದು ಬಿತ್ತು, ‘ರ್ಜುನ’ ಹೊರಗೆ ಬರಲೇ ಇಲ್ಲ. ಈಗ ಅವನಿಗೆ ಮೊಮ್ಮಕ್ಕಳಾಗಿವೆ. ಊರಲ್ಲಿ ಎಲ್ಲರೂ ಕರೆಯುವುದು ಮಲ್ಲಿಕ ಎಂದೇ.

ಇರಲಿ. ಒಂದು ಮಧ್ಯಾಹ್ನ ಅಶ್ವಿನಿ ಮತ್ತು ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆವು. ಇಲ್ಲಿಯ ಗಾಳಿಗೆ ನನ್ನ ಹಾಗೆಯೇ ಒಂದು ಕಡೆ ಕೂತು ಗೊತ್ತಿಲ್ಲ. ಹಗ್ಗದ ಛತ್ರಿಯಂಥ ಒಣಹಾಕುವ ಕಂಬ ಗಿರ್ರನೆ ತಿರುಗಿ, ಕೂಸಿನ ಬಟ್ಟೆಗಳು ನಮ್ಮ ಮುಖಕ್ಕೆ ಬಡಿಯುತ್ತಿದ್ದವು. ಬೇಲಿಯಾಚೆ ಶಾಲೆಯ ದೊಡ್ಡ ಮೈದಾನ. ರಜೆಯಾದ್ದರಿಂದ ಒಂದು ನರಪಿಳ್ಳೆಯೂ ಇಲ್ಲ. ಆ ಗಾಳಿಯೋ, ಆ ಬರಿದಾದ ಹಸಿರೋ, ನಾನು ತಡೆಯಲಾರದೆ ಕೇಳಿಬಿಟ್ಟೆ.

“ಅಶ್ವಿನಿ, ನಿನಗ ಬ್ಯಾರೆ ಹೆಸರ ಸಿಗಲಿಲ್ಲೇನ?”

“ಯಾಕವ್ವ? ಬಯಲಕಡಿಗೆ ಅಂತಾರಂತನ?”

“ಅದಕ್ಕಲ್ಲ.” ಕೈಯಲ್ಲಿದ್ದ ಕ್ಲಿಪ್ಪು ಒತ್ತುತ್ತ ಬಿಡುತ್ತ ನಿಂತೆ. “ನಿಮ್ಮಪ್ಪ ಬಯಲಾದ್ರು ಅಂದಿದ್ರಲ್ಲ ಅಯ್ಯನವರು. ಅವತ್ತಿಂದ ಆ ಮಾತ ಕೇಳಿದ್ರ ನನಗ ಎದಿ ಝಲ್ ಅಂತದ. ಈ ಮನಿಯಾಗ ದಿನಾ ಅದನ್ನ ಹೆಂಗ ಕರೀಲಿ?”

ಅಶ್ವಿನಿ ಒದ್ದೆ ಬಟ್ಟೆಯನ್ನು ಬುಟ್ಟಿಗೆ ಹಾಕಿದಳು. ಅವಳ ಮುಖ ನೋಡಿ, ಹೇಳಬಾರದಿತ್ತು ಎಂದುಕೊಂಡೆ.

“ಅವ್ವಾ, ಅದಕ್ಕ ಇಟ್ಟೇನಿ” ಎಂದಳು.

ಇವರು ತೀರಿಕೊಂಡಾಗ ಸೋಂಕಿನ ಭಯಕ್ಕೆ ದೇಶ ದೇಶಗಳ ಗಡಿ ಮುಚ್ಚಿತ್ತು. ಅವಳಿಗೆ ಬರಲಾಗಲಿಲ್ಲ. ಗದಗಿನಲ್ಲಿರುವ ಅವಳ ತಮ್ಮ ಕ್ರಿಯೆಯಲ್ಲಿ ತೊಡಗಿದ್ದರಿಂದ ಅವನ ಗೆಳೆಯ ಯಾರೋ ಫೋನು ಹಿಡಿದು ತೋರಿಸಿದ್ದ. ಇಲ್ಲಿ ಇದೇ ಮನೆಯ ಹಿಂದಿನ ಕೋಣೆಯಲ್ಲಿ ನಿಂತು ಅವಳು ನೋಡಿದ್ದಳು. ಇಷ್ಟು ನನಗೆ ಗೊತ್ತಿತ್ತು. ಮುಂದಿನದು ಗೊತ್ತಿರಲಿಲ್ಲ.

“ಫೋನಿನ್ಯಾಗ ಏನೂ ಸರಿ ಕಾಣತಿರಲಿಲ್ಲವ್ವ. ಬರೇ ಮಂದಿ ಬೆನ್ನು. ಅಯ್ಯನವರು ಬಯಲಾದರು ಅಂದದ್ದಷ್ಟ ಕೇಳ್ತು, ಆಮ್ಯಾಲೆ ಲೈನ ಕಟ್ ಆತು. ನಾ ಏನ್ ಮಾಡಬೇಕು ತಿಳೀಲಾರದ ಕಿಡಕ್ಯಾಗ ನಿಂತೆ. ಎದುರಿಗೆ ಈ ಗ್ರೌಂಡ್ ಇತ್ತು. ಯಾರೂ ಇರಲಿಲ್ಲ, ಬರೇ ಬಯಲು. ನನಗನಿಸ್ತು, ನಾ ಹೋಗಾಕ ಆಗಲಿಲ್ಲಲ್ಲ, ಅದಕ್ಕ ಅಪ್ಪ ಬಂದಾನ ಅಂತ. ಖರೇನ ಹಂಗನಿಸ್ತವ್ವ. ಹುಚ್ಚಿ ಅಂದ್ಕೋ ಬೇಕಾದ್ರ. ಅವತ್ತ ನಾ ಒಬ್ಬಾಕಿನ ಇಲ್ಲಿ ಅಳ್ಕೋತ ಸತ್ತ ಹೋಗ್ತಿದ್ದೆ, ಆ ಮಾತ ನನ್ನನ್ನ ಹಿಡದ ನಿಲ್ಲಿಸ್ತು.”

ಗಾಳಿ ಕಂಬವನ್ನು ಇನ್ನೊಂದು ಸುತ್ತು ತಿರುಗಿಸಿತು. ಒಂದೇ ಮಾತು, ನನಗೆ ಇವರು ಹೋದ ಸುದ್ದಿಯಾಗಿತ್ತು, ಅವಳಿಗೆ ಬಂದ ಸುದ್ದಿಯಾಗಿತ್ತು. ಅಷ್ಟು ವರ್ಷ ನಾವಿಬ್ಬರೂ ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಏನು ಅಡುಗೆ, ಎಷ್ಟು ಚಳಿ ಎಂದು. ಇದನ್ನು ಮಾತ್ರ ಇಬ್ಬರೂ ಆಡಿರಲಿಲ್ಲ. ನಾನು ಸೆರಗಿನಿಂದ ಅವಳ ಮುಖ ಒರೆಸಿದೆ. ಒರೆಸುವಾಗ ಕೈಯಲ್ಲಿದ್ದ ಕ್ಲಿಪ್ಪು ಅವಳ ಮೂಗಿಗೆ ತಾಗಿತು, ‘ಅಯ್ಯೋ’ ಎಂದಳು, ಇಬ್ಬರೂ ನಕ್ಕೆವು. ಒಳಗೆ ಕೂಸು ಅತ್ತಿತು. “ಬಂದ್ಯೋ ಬಯಲಪ್ಪಾ” ಎನ್ನುತ್ತ ನಾನೇ ಓಡಿದೆ. ಮೊದಲ ಸಲ ಹಾಗೆ ಕರೆದಿದ್ದೆ.

ಅಂದು ಸಂಜೆ ಅಶ್ವಿನಿ ತಾನಾಗಿಯೇ ಹೇಳಿದಳು, “ನಡುವ ಅಪ್ಪನ ಹೆಸರ ಇಡೋಣ. ಬಯಲು ಶಿವಪುತ್ರಪ್ಪ ಉಳ್ಳಾಗಡ್ಡಿ.” ಮಂಜುನಾಥ ತಟ್ಟೆಯಿಂದ ತಲೆಯೆತ್ತಿ “ಛಲೋ ಆತು, ಇಡೋಣ್ರಿ ಅತ್ತಿ” ಎಂದ. ನನಗಾದ ಹಿಗ್ಗನ್ನು ಏನು ಹೇಳಲಿ! ಬಯಲು ಶಿವಪುತ್ರಪ್ಪ. ಗೋಡೆ ಕಟ್ಟಿದಷ್ಟು ಭದ್ರ. ಇವರ ಹೆಸರು ಇನ್ನು ನನ್ನ ನಡುವಿನಲ್ಲಿ ಮಾತ್ರವಲ್ಲ, ನನ್ನ ನಂತರವೂ ಒಬ್ಬರ ನಡುವೆ ಇರುತ್ತದೆ. ಚಡಪಡಿಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಊಟವಾದ ಮೇಲೆ ಪಾತ್ರೆ ತೊಳೆಯುವಾಗ ಮಂಜುನಾಥ ಒಂದೇ ಲೋಟವನ್ನು ತಿಕ್ಕುತ್ತ ನಿಂತಿದ್ದ. ನಾನೂ ಅದೇ ಜಾತಿಯವಳಾದ್ದರಿಂದ ಅಂಥ ನಿಲುವು ನನಗೆ ಬೇಗ ಗುರುತು ಸಿಗುತ್ತದೆ.

ಮರುದಿನ ಭಾನುವಾರ. ನಮ್ಮ ಮಧ್ಯಾಹ್ನವೆಂದರೆ ಹುಬ್ಬಳ್ಳಿಯ ನಸುಕು. ಮಂಜುನಾಥನ ತಾಯಿ ನೀಲವ್ವನವರು ಆ ಹೊತ್ತಿಗೆ ಎದ್ದು ಚಹಾ ಕುಡಿಯುತ್ತ ಫೋನು ಹಚ್ಚುತ್ತಾರೆ. ಗಂಡ ಬಿಟ್ಟುಹೋದ ಮೇಲೆ ಒಂದು ಖೋಲಿಯಲ್ಲಿ ರೊಟ್ಟಿ ಬಡಿದು, ಖಾನಾವಳಿಗಳಿಗೆ ಕೊಟ್ಟು ಮಗನನ್ನು ಓದಿಸಿದವರು. ಈಗ ಅವರ ಕೈಕೆಳಗೆ ಇನ್ನೂ ಕೆಲವು ಹೆಂಗಸರು ಕೆಲಸ ಮಾಡುತ್ತಾರೆ. ಬಾಣಂತನಕ್ಕೆ ನೀವೂ ಬನ್ನಿ ಎಂದರೆ, “ಮದವಿ ಸೀಜನ್ ಐತ್ರಿ ಅಕ್ಕಾರ, ರೊಟ್ಟಿ ಯಾರ ಕೊಡವರು?” ಎಂದು ನನಗೇ ತಿರುಗಿ ಕೇಳಿದ್ದರು.

ಹೆಸರು ಬಯಲು ಎಂದು ಮಗ ಹೇಳಿದ. ನೀಲವ್ವನವರು ಚಹಾದ ಬಸಿ ಕೆಳಗಿಟ್ಟು ನಕ್ಕರು ನೋಡಿ! ನಾನು ಆಡಲಾರದೆ ಇಷ್ಟು ದಿನ ಬಾಯಿ ಹಿಡಿದುಕೊಂಡದ್ದನ್ನು ಅವರು ಬೀದಿಗೆ ಕೇಳುವಂತೆ ಆಡಿದರು. “ಬೈಲಕಡಿಗೆ ಹೋಗೋ ಬೈಲೇನೋ ಮಂಜ್ಯಾ!” ನಕ್ಕು ನಕ್ಕು ಕಣ್ಣೊರೆಸಿಕೊಂಡು, ಆಮೇಲೆ ಸುಮ್ಮನಾಗಿ, “ಇರಲಿ ಬಿಡಪಾ. ನಿನ್ನ ಒಂದ ಖೋಲ್ಯಾಗ ಹೊಗಿಯಾಗ ಬೆಳಸೇನಿ. ನಿನ್ನ ಮಗ ಬೈಲಾಗ್ಯಾನಂದ್ರ ಛಲೋನ ಆತಲ್ಲ” ಎಂದರು.

“ನಡುವ ಏನ ಇಡಬೇಕಂತ ಮಾಡೀವಿ ಅಂದ್ರ...” ಎಂದು ಮಂಜುನಾಥ ಶುರುಮಾಡಿ ನಿಲ್ಲಿಸಿದ. ಅಶ್ವಿನಿ ಮುಂದುವರಿಸಿದಳು, “ನಮ್ಮಪ್ಪಂದು ಇಡಬೇಕಂತ ಮಾಡೀವ್ರಿ ಅತ್ತಿ.”

“ಹೌದಾ? ಭಾಳ ಛಲೋ. ಬೀಗರು ದೊಡ್ಡ ಮನಷ್ಯಾರು. ಅವರ ಹೆಸರ ಇಡ್ರಿ” ಎಂದರು ನೀಲವ್ವ, ಒಂದು ಗಳಿಗೆಯೂ ತಡಮಾಡದೆ. ಅವರ ದನಿಯಲ್ಲಿ ಕೊಂಕಿಲ್ಲ, ಬೇಸರವಿಲ್ಲ. ತನಗೂ ಏನಾದರೂ ಸಲ್ಲಬೇಕಿತ್ತು ಎಂಬ ಯೋಚನೆಯೇ ಅವರ ತಲೆಯಲ್ಲಿ ಸುಳಿದಿರಲಿಲ್ಲ. ಹೆಸರಿನ ನಡುವಿನ ಜಾಗ ಗಂಡಸರದು. ಒಬ್ಬ ಗಂಡಸು ಇಲ್ಲದಿದ್ದರೆ ಇನ್ನೊಬ್ಬ ಗಂಡಸು. ನಾನೂ ಹಾಗೆಯೇ ತಿಳಿದಿದ್ದೆನಲ್ಲ. ಮಂಜುನಾಥ ಫೋನನ್ನು ಮೇಜಿನ ಮೇಲಿಟ್ಟು ಕೂಸಿನ ಬಟ್ಟೆ ಸರಿಮಾಡುವ ನೆಪದಲ್ಲಿ ಬಗ್ಗಿದ.

ನಾನು ಎದ್ದೆ. ಅಡುಗೆಮನೆಗೆ ಹೋದೆ, ನೀರು ಕುಡಿದೆ, ವಾಪಸು ಬಂದೆ. ಮತ್ತೆ ಹೋದೆ. ಇವರ ಹೆಸರು ಬಾಯಿತನಕ ಬಂದಿತ್ತು. ಒಂದು ರಾತ್ರಿ ಅದು ನನ್ನ ಮೊಮ್ಮಗನದಾಗಿತ್ತು. ಬಿಟ್ಟುಕೊಡುವುದು ಸುಲಭವಲ್ಲ. ಬಿಡಬೇಕೆಂದು ಯಾರೂ ಕೇಳಿರಲೂ ಇಲ್ಲ, ನಾನು ಸುಮ್ಮನಿದ್ದರೆ ಎಲ್ಲರೂ ಸುಮ್ಮನಿರುತ್ತಿದ್ದರು. ಆದರೆ ಆ ಕೂಸಿನ ಹೆಸರಿನಲ್ಲಿ ನಮ್ಮವರು ಆಗಲೇ ಇದ್ದರಲ್ಲ, ಮೊದಲನೆಯ ಜಾಗದಲ್ಲೇ! ಹಿತ್ತಲಲ್ಲಿ ಮಗಳು ಹೇಳಿದ್ದು ಅದನ್ನೇ ಅಲ್ಲವೇ? ಒಬ್ಬ ಮನುಷ್ಯನಿಗೆ ಎರಡು ಜಾಗ ಹಿಡಿಯುವ ದುರಾಸೆ ನನಗೇಕೆ?

ಹೊರಗೆ ಬಂದು, ಕುರ್ಚಿಯ ಬೆನ್ನು ಹಿಡಿದು ನಿಂತು, ಹೇಳಿದೆ, “ಮಂಜುನಾಥ, ನಡುವ ನಿಮ್ಮವ್ವನ ಹೆಸರ ಇಡ್ರಿ.”

ಫೋನು ಅಷ್ಟರಲ್ಲಿ ಮುಗಿದಿತ್ತು. ಅವನು ತಲೆಯೆತ್ತಿ ನನ್ನನ್ನೇ ನೋಡಿದ. ಅಶ್ವಿನಿಯೂ ನೋಡಿದಳು.

“ಗಂಡ ಹುಡುಗಗ... ಅವ್ವನ ಹೆಸರ್ರಿ?” ಎಂದ.

“ಯಾಕ? ನಿಮ್ಮ ಮನಿಯಾಗ ಇದ್ದವರು ಯಾರ?” ಎಂದೆ.

ಅವನು ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ, ನಮಗೆ ಬೆನ್ನು ಮಾಡಿ, ಬೇಲಿಯ ಹತ್ತಿರ ಬಹಳ ಹೊತ್ತು ನಿಂತ. ಅಶ್ವಿನಿ ನನ್ನ ಭುಜಕ್ಕೆ ತಲೆಯಿಟ್ಟು, “ಅಪ್ಪ ಇದ್ದಿದ್ರ ಇದನ್ನ ಹೇಳತಿದ್ದ” ಎಂದಳು. ಖರೆ ಹೇಳಬೇಕೆಂದರೆ ಇವರು ಹೇಳುತ್ತಿದ್ದರೋ ಇಲ್ಲವೋ. ಆದರೂ ಆ ಮಾತನ್ನು ನಾನು ಇಟ್ಟುಕೊಂಡೆ.

ಮತ್ತೆ ಒಂದು ಸಣ್ಣ ಜಗಳವಾಯಿತು. ‘ನೀಲವ್ವ’ ಉದ್ದವಾಯಿತು, ಬರೀ ‘ನೀಲ’ ಎಂದಿಟ್ಟರೆ ಇಲ್ಲಿಯ ಮಂದಿಗೂ ಹಗುರ, ಮುಂದೆ ಶಾಲೆಯಲ್ಲಿ ಹುಡುಗರು ಅಣಕಿಸುವುದೂ ತಪ್ಪುತ್ತದೆ ಎಂದು ಅಶ್ವಿನಿ. ಅವಳು ಹೇಳಿದ್ದು ತಪ್ಪೇನೂ ಅಲ್ಲ. ಮಾತು ಕಡಿಮೆಯ ಮಂಜುನಾಥ ಅಂದು ಹಟ ಹಿಡಿದ. “ಅವ್ವ ಅನ್ನೋದನ್ನ ತಗದ ಇಟ್ಟರ ಅದು ಯಾರ ಹೆಸರೂ ಅಲ್ಲ. ಇಟ್ಟರ ಪೂರಾ ಇಡೋದು.” ಪೂರಾ ಇಟ್ಟರು. ಬಯಲು ನೀಲವ್ವ ಉಳ್ಳಾಗಡ್ಡಿ. ನಾನು ಎಷ್ಟು ಹೆಸರು ಹಚ್ಚಿ ನೋಡಿದ್ದೆ, ಒಂದೂ ಕೂಡಿರಲಿಲ್ಲ. ಇದು ಕೂಡಿತು. ಬಯಲಿಗೆ ಒಬ್ಬ ತಾಯಿ ಸಿಕ್ಕಂತಾಯಿತು.

ಈ ಸಲ ಶೆರಿಲ್‌ಗೆ ಸರಿಯಾಗಿ ಹೇಳಿಕೊಡಬೇಕೆಂದು ಬೇಲಿಯ ಬಳಿ ಹೋಗಿ, ಬಿಡಿಸಿ ಬಿಡಿಸಿ ಹೇಳಿದೆ. “ನಡುವಿನ ಹೆಸರು ನೀಲ್-ಅವ್ವ.” ಅವಳು ಗಂಭೀರವಾಗಿ ತಲೆಯಾಡಿಸಿದಳು. “ನೀಲ್! ಒಳ್ಳೆಯ ಗಟ್ಟಿ ಹೆಸರು. ಬೇಯ್ಲಿ ನೀಲ್.” ಅದು ಅಪ್ಪಟ ಇಲ್ಲಿಯ ಹೆಸರೇ ಆಗಿಹೋಯಿತು. ನಾನು ಮತ್ತೆ ‘ಥ್ಯಾಂಕ್ಯೂ’ ಎಂದು ಒಳಗೆ ಬಂದೆ. ಮಾಡುವುದೇನು?

ನೀಲವ್ವನವರಿಗೆ ಸುದ್ದಿ ಹೇಳಿದ್ದು ನೋಂದಣಿಯಾದ ಮೇಲೆ, ಒಂದು ಸಂಜೆ. ಅಲ್ಲಿ ಆಗ ಬೆಳಗಿನ ಕೆಲಸದ ಭರಾಟೆ. ಫೋನಿನಲ್ಲಿ ಮೊದಲು ಕೇಳಿಸಿದ್ದು ರೊಟ್ಟಿ ಬಡಿಯುವ ಸದ್ದು. ಹಲವು ಕೈಗಳ ತಪ್ ತಪ್ ತಪ್. ನೀಲವ್ವನವರು ಹಿಟ್ಟಿನ ಕೈಯಲ್ಲೇ ಫೋನು ಹಿಡಿದಿದ್ದರಿಂದ ಅರ್ಧ ಮುಖ, ಅರ್ಧ ಬಿಳಿ ಮಬ್ಬು.

“ಅವ್ವಾ, ಬಯಲಂದು ನಡುವಿನ ಹೆಸರ ನಿಂದ ಇಟ್ಟೀವಿ” ಎಂದ ಮಂಜುನಾಥ.

“ಯಾರ್ದು?”

“ನಿಂದವ್ವ. ನೀಲವ್ವ ಅಂತ.”

“ಥೂ ಹುಚ್ಚಪ್ಯಾಲಿ! ಗಂಡಸಮಗಗ ಹೆಂಗಸಿನ ಹೆಸರ ಇಡ್ತಾರೇನೋ? ಮಂದಿ ನಗತಾರ. ತಗಸ ಅದನ್ನ. ಬೀಗರ ಹೆಸರ ಏನಾತು?”

“ಅತ್ತೀನ ಹೇಳಿದ್ರವ್ವ, ನಿಂದ ಇಡ್ರಿ ಅಂತ. ಎಲ್ಲಾ ಬರಸಿ ಆತು. ಇನ್ನ ತಗ್ಯಾಕ ಬರಂಗಿಲ್ಲ.”

ತೆಗೆಯಲು ಬರುತ್ತದೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಆ ಕಡೆ ಫೋನು ಕೈಯಲ್ಲಿ ಓರೆಯಾಗಿರಬೇಕು, ನಮಗೆ ಕಾಣುತ್ತಿದ್ದದ್ದು ಹೊಗೆ ಹಿಡಿದ ಜಂತಿ, ಒಂದು ಕಿಟಕಿಯ ಮೂಲೆ. ಅಶ್ವಿನಿ ನನ್ನ ಕೈ ಹಿಡಿದಳು. ತಪ್ ತಪ್ ಒಂದೊಂದಾಗಿ ನಿಂತು, ಕೊನೆಗೆ ಪೂರಾ ನಿಶ್ಶಬ್ದವಾಯಿತು. ಉಳಿದ ಹೆಂಗಸರೂ ಕೇಳಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ಆಗ ನೀಲವ್ವನವರ ದನಿ ಬಂತು, ಸಣ್ಣಗೆ.

“ಪೂರಾ ಹೆಸರ ಹಿಡದ ಕರಿ ನೋಡೋಣು. ಸಾಲ್ಯಾಗ ಕರೀತಾರಲ್ಲ, ಹಂಗ.”

ಮಂಜುನಾಥ ಕೂಸನ್ನು ಎದೆಗೆತ್ತಿಕೊಂಡು ನೆಟ್ಟಗೆ ನಿಂತ. “ಬಯಲು ನೀಲವ್ವ ಉಳ್ಳಾಗಡ್ಡಿ” ಎಂದ. ಕೊನೆಯ ಮಾತಿಗೆ ಅವನ ದನಿ ತೀರ ಸಣ್ಣದಾಯಿತು.

“ಇಷ್ಟ ಸಣ್ಣ ಕರದ್ರ ಹೆಂಗೋ,” ಎಂದರು ನೀಲವ್ವ. “ಇಲ್ಲಿ ಎಲ್ಲಾರಿಗೂ ಕೇಳಬೇಕು. ಇನ್ನೊಮ್ಮೆ ಕರಿ.”